ಫಿರಂಗಿಯಿಂದ ಮತಚೀಟಿಯವರೆಗೆ: ಲಂಡನ್ನಿನ ಒಂದು ಇತಿಹಾಸ ನಡಿಗೆ

ಲಂಡನ್ನಿನಲ್ಲಿ ಹಣ ಕೊಟ್ಟು ನಡೆಯುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಸರಣಿ ಕೊಲೆಗಾರನೊಬ್ಬ ಓಡಾಡಿದ ಗಲ್ಲಿಗಳನ್ನು ತೋರಿಸುವವರಿದ್ದಾರೆ, ದೆವ್ವವಿದೆಯೆಂಬ ಪಬ್ಬುಗಳಿಗೆ ಕರೆದೊಯ್ಯುವವರಿದ್ದಾರೆ, ಸಿನಿಮಾ ಚಿತ್ರೀಕರಣವಾದ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಫೋಟೊ ತೆಗೆದು ಕೊಡುವವರೂ ಇದ್ದಾರೆ. ಇವುಗಳ ನಡುವೆ, ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಯುದ್ಧನೌಕೆಗಳನ್ನು ಕಡಿಮೆ ಮಾಡಿಸಬೇಕೆಂದು ಜನಸಾಮಾನ್ಯರು ನಡೆಸಿದ ಚಳವಳಿಯನ್ನೇ ವಿಷಯವಾಗಿಟ್ಟುಕೊಂಡ ನಡಿಗೆಯೊಂದು ಇದೆಯೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನಿವೃತ್ತ ಇತಿಹಾಸ ಶಿಕ್ಷಕರೊಬ್ಬರು ಒಬ್ಬರೇ ನಡೆಸುವ ಸೇವೆ ಅದು. ತಿಂಗಳಿಗೆ ಎರಡು ಶನಿವಾರ, ಒಮ್ಮೆಗೆ ಹತ್ತು ಜನ, ತಲೆಗೆ 18 ಪೌಂಡು, ಸುಮಾರು ಮೂರೂವರೆ ಗಂಟೆ. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಆ ಹಿರಿಯರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ.

ನನ್ನ ಜೊತೆಗೆ ಸಾಗರದಿಂದ ಬಂದಿದ್ದ ನಮ್ಮ ಅತ್ತೆಯವರಿದ್ದರು. ಅವರೂ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. 'ರಾಷ್ಟ್ರಸಂಘದ ವೈಫಲ್ಯಕ್ಕೆ ಕಾರಣಗಳೇನು?' ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳನ್ನು ಮೂವತ್ತು ವರ್ಷ ತಿದ್ದಿದವರಾದ್ದರಿಂದ, ಈ ನಡಿಗೆಯ ನಿಜವಾದ ಪರೀಕ್ಷಕರು ಅವರೇ ಆಗಿದ್ದರು.

ನಡಿಗೆ ಆರಂಭವಾಗುವುದು ಲ್ಯಾಂಬೆತ್ ರಸ್ತೆಯ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಮುಂದೆ, ಹುಲ್ಲುಹಾಸಿನ ಮೇಲೆ ಜೋಡಿಯಾಗಿ ಮಲಗಿರುವ ಎರಡು 15 ಇಂಚಿನ ನೌಕಾ ಫಿರಂಗಿಗಳ ಬಳಿ. ಒಂದು ರ‍್ಯಾಮಿಲೀಸ್ ಎಂಬ ಹಡಗಿನಲ್ಲಿದ್ದದ್ದು, ಇನ್ನೊಂದು ರೆಸಲ್ಯೂಷನ್ ಎಂಬ ಹಡಗಿನದು. ಒಂದೊಂದೂ ಸುಮಾರು 100 ಟನ್ ತೂಗುತ್ತದೆ, ಒಂದು ಗುಂಡಿನ ತೂಕ ಸುಮಾರು 880 ಕಿಲೊ. ಸಾಮಾನ್ಯವಾಗಿ ಇಲ್ಲಿಗೆ ಬಂದವರು ಫಿರಂಗಿಯ ಬಾಯಿಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತಾರೆ. ಮೇಷ್ಟ್ರು ನಮ್ಮನ್ನು ಅಲ್ಲಿ ಪೂರ್ತಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಈ ಸೇವೆಯ ಅತ್ಯುತ್ತಮ ಭಾಗ ಇದೇ ಎಂದು ನಾನು ಹೇಳಬಲ್ಲೆ. ಏಕೆಂದರೆ ನಿಶ್ಶಸ್ತ್ರೀಕರಣವೆಂದರೆ ಒಳ್ಳೆಯ ಮನಸ್ಸಿನ ಮಾತು ಎಂದು ತಿಳಿದು ಬಂದವರಿಗೆ, ಅದು ಮೊದಲಿಗೆ ಇಂಚು ಮತ್ತು ಟನ್ನುಗಳ ಲೆಕ್ಕ ಎಂಬುದನ್ನು ಅವರು ಆ ಕಬ್ಬಿಣವನ್ನು ಮುಟ್ಟಿಸಿಯೇ ಕಲಿಸುತ್ತಾರೆ.

1921ರ ನವೆಂಬರ್ 12ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಸ್ವಾಗತ ಭಾಷಣ ಮಾಡುತ್ತಾರೆಂದು ಕುಳಿತಿದ್ದ ಪ್ರತಿನಿಧಿಗಳ ಮುಂದೆ, ಅಮೆರಿಕ, ಬ್ರಿಟನ್, ಜಪಾನ್ ಮೂರೂ ಸೇರಿ ಕಟ್ಟಿದ ಮತ್ತು ಕಟ್ಟುತ್ತಿರುವ 66 ದೊಡ್ಡ ಯುದ್ಧನೌಕೆಗಳನ್ನು ಒಡೆದುಹಾಕಬೇಕೆಂದು, ಹಡಗುಗಳ ಹೆಸರು ಹಿಡಿದು ಪಟ್ಟಿ ಓದಿದ ಪ್ರಸಂಗವನ್ನು ಮೇಷ್ಟ್ರು ಬಹಳ ಚೆನ್ನಾಗಿ ಹೇಳುತ್ತಾರೆ. ಮರುವರ್ಷ ಫೆಬ್ರವರಿ 6ರಂದು ಸಹಿಯಾದ ಒಪ್ಪಂದದಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ತಲಾ 5,25,000 ಟನ್, ಜಪಾನಿಗೆ 3,15,000 ಟನ್, ಫ್ರಾನ್ಸಿಗೂ ಇಟಲಿಗೂ ತಲಾ 1,75,000 ಟನ್ ಎಂದು ದೊಡ್ಡ ಯುದ್ಧನೌಕೆಗಳ ಒಟ್ಟು ತೂಕಕ್ಕೆ ಮಿತಿ ಕಟ್ಟಲಾಯಿತು. ಒಂದು ಹಡಗು 35,000 ಟನ್ನನ್ನು, ಅದರ ಫಿರಂಗಿ 16 ಇಂಚನ್ನು ಮೀರಬಾರದೆಂದಾಯಿತು. ಹತ್ತು ವರ್ಷ ಹೊಸ ಯುದ್ಧನೌಕೆ ಕಟ್ಟುವುದಕ್ಕೆ ರಜೆ ಘೋಷಿಸಲಾಯಿತು. ಆ ರಜೆಗೆ ವಿನಾಯಿತಿಯಾಗಿ, ಮಿತಿಗೆ ತಕ್ಕಂತೆ ಮೂಲ ನಕ್ಷೆಯನ್ನು ಮೊಟಕುಗೊಳಿಸಿ ಬ್ರಿಟನ್ ಕಟ್ಟಿದ ನೆಲ್ಸನ್ ಮತ್ತು ರಾಡ್ನಿ ಎಂಬ ಹಡಗುಗಳನ್ನು ನಾವಿಕರು 'ಚೆರಿ ಮರ'ಗಳೆಂದು ಕರೆದರಂತೆ. ಬಾಲಕ ಜಾರ್ಜ್ ವಾಷಿಂಗ್ಟನ್ ಚೆರಿ ಮರ ಕಡಿದ ಕಥೆಯಿದೆಯಲ್ಲ, ಇವನ್ನೂ ಕಡಿದದ್ದು ವಾಷಿಂಗ್ಟನ್ನೇ.

ಆದರೆ ಇಲ್ಲಿಯೇ ಮೊದಲ ಕೊರತೆಯೂ ಕಾಣಿಸಿತು. ಆ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿಯೂ ಪ್ರತ್ಯೇಕವಾಗಿ ಸಹಿಯಾಗಿದೆ. ಹಾಕಿದವರು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು. ಗೋಖಲೆಯವರ ನಂತರ ಭಾರತ ಸೇವಕ ಸಮಾಜದ ಅಧ್ಯಕ್ಷರಾದವರು, ಡಿ.ವಿ.ಜಿ.ಯವರ ಗೌರವಕ್ಕೆ ಪಾತ್ರರಾದವರು ಎಂಬ ಕಾರಣಕ್ಕೆ ನಮ್ಮವರಿಗೆ ಪರಿಚಿತರಾದ ಅದೇ ಶಾಸ್ತ್ರಿಗಳು. ತನ್ನದೆನ್ನುವ ಒಂದು ಯುದ್ಧನೌಕೆಯೂ ಇಲ್ಲದ ದೇಶ ಯುದ್ಧನೌಕೆಗಳ ಮಿತಿಗೆ ಸಹಿ ಹಾಕಿದ ವಿಚಿತ್ರವನ್ನು ಮೇಷ್ಟ್ರು ಹೇಳಲಿಲ್ಲ. ನಾನು ಕೇಳಿದಾಗ ಪುಸ್ತಕ ತೆಗೆದು ನೋಡಿ, "ಹೌದು, ಇದೆ" ಎಂದು ಒಪ್ಪಿಕೊಂಡು ಟಿಪ್ಪಣಿ ಮಾಡಿಕೊಂಡರು. ಹತ್ತು ಜನರಲ್ಲಿ ನಾಲ್ವರು ಭಾರತೀಯ ಮೂಲದವರೇ ಇರುವ ಗುಂಪಿಗೆ ಇದನ್ನು ಹೇಳದೆ ಬಿಡುವುದು ಸಣ್ಣ ಲೋಪವಲ್ಲ.

ಅಲ್ಲಿಂದ ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಬೇಕು. ಸೇತುವೆಯ ಸಮೀಪ, ಆಲ್ಬರ್ಟ್ ದಂಡೆಯ ಮೇಲೆ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅದು ನಡಿಗೆಯ ಭಾಗವಲ್ಲ. ಅತ್ತೆಯವರು ಹೋಗಿ ಕೈಮುಗಿದು ಬರುವವರೆಗೆ ಮೇಷ್ಟ್ರು ಗುಂಪನ್ನು ನಿಲ್ಲಿಸಿದರೆಂಬುದನ್ನು ಅವರ ಲೆಕ್ಕಕ್ಕೆ ಒಳ್ಳೆಯ ಅಂಕವಾಗಿ ಸೇರಿಸುತ್ತೇನೆ.

ಸೇತುವೆ ದಾಟಿ ಪಾರ್ಲಿಮೆಂಟಿನ ಹೊರಗೆ ನಿಂತಾಗ ಮೇಷ್ಟ್ರು ಕೈಚೀಲದಿಂದ ದೊಡ್ಡ ಚಿತ್ರವೊಂದನ್ನು ಹೊರತೆಗೆದರು. 1930ರ ಜನವರಿ 21ರಂದು ಲಂಡನ್ ನೌಕಾ ಸಮ್ಮೇಳನವನ್ನು ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ್ದು ಇಲ್ಲಿಯ ಹೌಸ್ ಆಫ್ ಲಾರ್ಡ್ಸಿನ ರಾಯಲ್ ಗ್ಯಾಲರಿಯಲ್ಲಿ. ದೊರೆಯ ಭಾಷಣ ರೇಡಿಯೊ ಮೂಲಕ ಕಡಲಾಚೆಯ ದೇಶಗಳಿಗೂ ಕೇಳಿಸಿತ್ತು. ಹಡಗುಗಳನ್ನು ಕಡಿಮೆ ಮಾಡೋಣವೆಂದು ಐದು ದೇಶಗಳ ಪ್ರತಿನಿಧಿಗಳು ಕುಳಿತ ಆ ಸಭಾಂಗಣದ ಒಂದು ಗೋಡೆಯ ಮೇಲೆ ಇರುವುದು ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಸಾಯುವ ದೃಶ್ಯ, ಎದುರು ಗೋಡೆಯ ಮೇಲೆ ವಾಟರ್‌ಲೂ. ಡೇನಿಯಲ್ ಮೆಕ್ಲೀಸ್ ಬರೆದ ಆ ಚಿತ್ರಗಳು ಒಂದೊಂದೂ 13 ಮೀಟರಿಗಿಂತ ಉದ್ದ. ಫ್ರೆಂಚರನ್ನು ಬ್ರಿಟಿಷರು ಸೋಲಿಸಿದ ಎರಡು ಕದನಗಳ ನಡುವೆ ಫ್ರಾನ್ಸಿನ ಪ್ರಧಾನಿಯನ್ನು ಕೂರಿಸಿ ವಿಶ್ವಾಸದ ಮಾತಾಡಿದ್ದನ್ನು ಮೇಷ್ಟ್ರು ಒಂದು ನಗೆಯಲ್ಲಿ ಮುಗಿಸಿದರು. ಒಳಗೆ ಹೋಗಿ ನೋಡುವ ವ್ಯವಸ್ಥೆ ಈ ನಡಿಗೆಯಲ್ಲಿಲ್ಲ. ಪಾರ್ಲಿಮೆಂಟಿನ ಪ್ರವಾಸಕ್ಕೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು, ತೆಗೆದುಕೊಳ್ಳುವುದು ಒಳ್ಳೆಯದು.

ವೈಟ್‌ಹಾಲಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮಾರಕವಾದ ಸೆನೊಟಾಫಿನ ಮುಂದೆ ಎರಡು ನಿಮಿಷ, ಅಷ್ಟೆ. ಮುಂದೆ ಅಡ್ಮಿರಾಲ್ಟಿಯ, ಅಂದರೆ ನೌಕಾ ಇಲಾಖೆಯ, ಹಳೆಯ ಕಟ್ಟಡದ ಎದುರು ಮತ್ತೆ ಸಂಖ್ಯೆಗಳು. 1927ರ ಜೂನಿನಿಂದ ಆಗಸ್ಟಿನವರೆಗೆ ಜಿನೀವಾದಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಸೇರಿ ನಡೆಸಿದ ನೌಕಾ ಸಮ್ಮೇಳನ ಮುರಿದುಬಿದ್ದದ್ದು ಕ್ರೂಸರುಗಳ, ಅಂದರೆ ದೊಡ್ಡ ಯುದ್ಧನೌಕೆಗಿಂತ ಚಿಕ್ಕದಾದ ವೇಗದ ಹಡಗುಗಳ, ವಿಷಯದಲ್ಲಿ. ತನ್ನ ಸಾಮ್ರಾಜ್ಯದ ಕಡಲ ದಾರಿಗಳನ್ನು ಕಾಯುವುದಕ್ಕೆ 70 ಕ್ರೂಸರುಗಳು ಬೇಕೇ ಬೇಕೆಂದು ಬ್ರಿಟಿಷ್ ನೌಕಾಧಿಕಾರಿಗಳು ಹಟ ಹಿಡಿದರು. ಆ ಸೋಲಿನಿಂದ ಬೇಸತ್ತು ಲಾರ್ಡ್ ರಾಬರ್ಟ್ ಸೆಸಿಲ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಪ್ರಭುತ್ವದ ಒಳಗಿನ ಮನುಷ್ಯ ಬೀದಿಯ ಚಳವಳಿಗೆ ಪೂರ್ತಿಯಾಗಿ ದಕ್ಕಿದ್ದು ಆಗ. ಎರಡು ವರ್ಷಗಳ ನಂತರ ವಿಲಿಯಂ ಶಿಯರರ್ ಎಂಬ ಅಮೆರಿಕನ್, ಮೂರು ಹಡಗು ಕಟ್ಟುವ ಕಂಪನಿಗಳ ಮೇಲೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚಿನ ಬಾಕಿಗಾಗಿ ದಾವೆ ಹೂಡಿದ. ಜಿನೀವಾದಲ್ಲಿ ಒಪ್ಪಂದವಾಗದಂತೆ ತಾನು ಅವರ ಪರವಾಗಿ ಮಾಡಿದ ಕೆಲಸಕ್ಕೆ ಕೂಲಿ ಪೂರ್ತಿ ಸಂದಿಲ್ಲವೆಂಬುದು ಅವನ ದೂರು! ಅದರಿಂದಲೇ ಗುಟ್ಟು ರಟ್ಟಾಗಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಶಸ್ತ್ರಾಸ್ತ್ರ ಮಾರುವವರ ಲಾಭವನ್ನೇ ಕಿತ್ತುಹಾಕಬೇಕೆಂಬ ಕೂಗಿಗೆ ಬಲ ಬಂದದ್ದು ಇಂಥ ಪ್ರಸಂಗಗಳಿಂದ. ಕಳ್ಳ ಪಾಲಿನ ಜಗಳಕ್ಕೆ ಕಟ್ಟೆ ಏರಿದಂತಾಯಿತು ಎಂದು ಅತ್ತೆಯವರು ನಕ್ಕದ್ದನ್ನು ನಾನು ಇಂಗ್ಲಿಷಿಗೆ ತರಲು ಹೋಗಿ ಸೋತೆ.

ಟ್ರಫಾಲ್ಗರ್ ಚೌಕದಲ್ಲಿ ನಡಿಗೆ ಸ್ವಲ್ಪ ದಾರಿ ತಪ್ಪುತ್ತದೆ. ಉತ್ತರ ಗೋಡೆಗೆ ಒರಗಿಸಿದ ಜೆಲಿಕೊ ಮತ್ತು ಬೀಟಿ ಎಂಬ ಇಬ್ಬರು ಅಡ್ಮಿರಲ್ಲುಗಳ ಅರ್ಧಪ್ರತಿಮೆಗಳನ್ನು 1948ರಲ್ಲಿ ಇಟ್ಟರು. ಬೀಟಿ ವಾಷಿಂಗ್ಟನ್ ಸಮ್ಮೇಳನದ ಕಾಲದ ನೌಕಾ ಮುಖ್ಯಸ್ಥ. ಜೆಲಿಕೊ ಜಿನೀವಾಕ್ಕೆ ನ್ಯೂಜಿಲೆಂಡಿನ ಪ್ರತಿನಿಧಿಯಾಗಿ ಹೋಗಿ 70 ಕ್ರೂಸರುಗಳ ವಾದ ಮಂಡಿಸಿದವರು. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಮೇಷ್ಟ್ರಿಗೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಎದುರುಬದುರಾದ ಜಟ್‌ಲ್ಯಾಂಡ್ ಕದನವೆಂದರೆ ಪ್ರಾಣವಿರಬೇಕು, ಇಪ್ಪತ್ತು ನಿಮಿಷ ಅದನ್ನೇ ವರ್ಣಿಸಿದರು. ಶಾಂತಿ ಚಳವಳಿಯ ನಡಿಗೆಯಲ್ಲಿ ಕದನದ ವರ್ಣನೆಯೇ ರಸವತ್ತಾಗಿಬಿಟ್ಟರೆ ಕೇಳುವವರ ಗಮನ ಎತ್ತ ವಾಲುತ್ತದೆಂಬುದು ಅವರಂಥ ಅನುಭವಿಗೆ ಗೊತ್ತಿರಬೇಕಿತ್ತು.

ಅದರ ಫಲವಾಗಿ ಚೌಕದ ಮೂಲೆಯಲ್ಲೇ ಇರುವ ಎರಡು ಮುಖ್ಯ ನಿಲುಗಡೆಗಳು ಅವಸರದಲ್ಲಿ ಮುಗಿದವು. ಒಂದು, 1915ರಲ್ಲಿ ಜರ್ಮನ್ನರ ಗುಂಡಿಗೆ ಬಲಿಯಾದ ನರ್ಸ್ ಈಡಿತ್ ಕ್ಯಾವೆಲ್‌ರ ಸ್ಮಾರಕ. 'ದೇಶಪ್ರೇಮವೊಂದೇ ಸಾಲದು, ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಬಾರದು' ಎಂಬ ಅವರ ಮಾತು ಈಗ ಅದರ ಕೆಳಗಿದೆ. 1920ರಲ್ಲಿ ಅನಾವರಣ ಮಾಡಿದಾಗ ಆ ಮಾತು ಅಲ್ಲಿರಲಿಲ್ಲ, ಮಹಿಳೆಯರ ಒತ್ತಾಯದ ಮೇಲೆ 1924ರಲ್ಲಿ, ಮೊದಲ ಲೇಬರ್ ಸರ್ಕಾರದ ಕಾಲದಲ್ಲಿ ಕೆತ್ತಿಸಿದರು. ಒಂದು ಸ್ಮಾರಕಕ್ಕೆ ನಾಲ್ಕು ವರ್ಷಗಳಲ್ಲಿ ಅರ್ಥ ಬದಲಾದ ಕಥೆ ಇದು. ಮೇಷ್ಟ್ರು ಇದಕ್ಕೆ ಮೂರು ನಿಮಿಷ ಕೊಟ್ಟರು. ಇನ್ನೊಂದು, ಎದುರಿನ ಸೇಂಟ್ ಮಾರ್ಟಿನ್ ಚರ್ಚು. ಇಲ್ಲಿ 1926ರವರೆಗೆ ಪಾದ್ರಿಯಾಗಿದ್ದ ಡಿಕ್ ಶೆಪರ್ಡ್, 1934ರ ಅಕ್ಟೋಬರಿನಲ್ಲಿ ಪತ್ರಿಕೆಗಳಿಗೆ ಪತ್ರ ಬರೆದು, ಇನ್ನು ಯಾವ ಯುದ್ಧವನ್ನೂ ಬೆಂಬಲಿಸುವುದಿಲ್ಲವೆನ್ನುವ ಗಂಡಸರು ತಮಗೊಂದು ಅಂಚೆಕಾರ್ಡು ಹಾಕಬೇಕೆಂದು ಕೋರಿದರು. ಕಾರ್ಡುಗಳು ಸಾವಿರಗಟ್ಟಲೆ ಬಂದವು. ಗಂಡಸರು ಮಾತ್ರ ಏಕೆ ಎಂದು ಅತ್ತೆಯವರು ಕೇಳಿದರು. ಶಾಂತಿಯ ಕೆಲಸವನ್ನು ಅಲ್ಲಿಯವರೆಗೆ ಹೆಂಗಸರೇ ಹೆಚ್ಚಾಗಿ ಹೊತ್ತಿದ್ದರು, ಯುದ್ಧಕ್ಕೆ ಹೋಗಬೇಕಾದವರು ಬಾಯಿಬಿಡಲಿ ಎಂಬುದು ಶೆಪರ್ಡರ ಉದ್ದೇಶವಾಗಿತ್ತು ಎಂದು ಮೇಷ್ಟ್ರು ಉತ್ತರಿಸಿದರು. ಆ ಕಾರ್ಡುಗಳಿಂದ ಹುಟ್ಟಿದ ಸಂಘಟನೆಗೆ 1936ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡರು.

ಸೇಂಟ್ ಜೇಮ್ಸ್ ಅರಮನೆಯೇ ಈ ನಡಿಗೆಯ ಹೃದಯ. ನೋಡುವುದಕ್ಕೆ ಅಲ್ಲಿ ಕೆಂಪು ಇಟ್ಟಿಗೆಯ ಬಾಗಿಲಗೋಪುರ ಮತ್ತು ಕಾವಲುಗಾರರ ಹೊರತು ಏನೂ ಇಲ್ಲ, ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಉದ್ಘಾಟನೆಯ ನಂತರ ಲಂಡನ್ ಸಮ್ಮೇಳನದ ಕಲಾಪ ಮೂರು ತಿಂಗಳು ನಡೆದದ್ದು, 1930ರ ಏಪ್ರಿಲ್ 22ರಂದು ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಅರಮನೆಯಲ್ಲಿ. ಪ್ರಧಾನಿ ರ‍್ಯಾಮ್ಸೆ ಮೆಕ್‌ಡೊನಾಲ್ಡ್ 70 ಕ್ರೂಸರುಗಳ ಪಟ್ಟನ್ನು 50ಕ್ಕೆ ಇಳಿಸಿದರು. 8 ಇಂಚಿನ ಫಿರಂಗಿಯ ಭಾರಿ ಕ್ರೂಸರುಗಳಲ್ಲಿ ಅಮೆರಿಕಕ್ಕೆ 18, ಬ್ರಿಟನ್ನಿಗೆ 15, ಜಪಾನಿಗೆ 12. ಜಲಾಂತರ್ಗಾಮಿಗಳಲ್ಲಿ ಮೂವರಿಗೂ ಸಮನಾಗಿ 52,700 ಟನ್. ಯುದ್ಧನೌಕೆಗಳ ರಜೆ 1936ರವರೆಗೆ ಮುಂದುವರಿಯಿತು. ಬ್ರಿಟನ್ ಕೈಬಿಟ್ಟ ಐದು ದೊಡ್ಡ ಹಡಗುಗಳಲ್ಲಿ ಒಂದರ ಹೆಸರು 'ಎಂಪರರ್ ಆಫ್ ಇಂಡಿಯಾ'. ಮರುವರ್ಷ ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಟ್ಟು ಮುಳುಗಿಸಿದರು. ಈ ಹೆಸರನ್ನು ಮೇಷ್ಟ್ರು ನಮ್ಮ ಕಡೆ ನೋಡಿ ಹೇಳಿ ಒಂದು ಕ್ಷಣ ಸುಮ್ಮನಾದರು. ಮೊದಲ ಲೋಪಕ್ಕೆ ಅದು ಪರಿಹಾರವಾಗಿರಬಹುದು. ಫ್ರಾನ್ಸ್ ರಕ್ಷಣೆಯ ಭರವಸೆ ಕೇಳಿ, ಇಟಲಿ ಫ್ರಾನ್ಸಿಗೆ ಸರಿಸಮಾನ ಪಾಲು ಕೇಳಿ, ಎರಡೂ ಮುಖ್ಯ ಭಾಗದಿಂದ ಹೊರಗುಳಿದದ್ದನ್ನು, ಒಪ್ಪಂದ ಮಾಡಿಸಿದ್ದಕ್ಕಾಗಿಯೇ ಜಪಾನಿನ ಪ್ರಧಾನಿ ಹಮಗುಚಿ ಅದೇ ನವೆಂಬರಿನಲ್ಲಿ ಟೋಕಿಯೊ ರೈಲು ನಿಲ್ದಾಣದಲ್ಲಿ ಗುಂಡೇಟು ತಿಂದು, ಮರುವರ್ಷ ಅದರಿಂದಲೇ ತೀರಿಕೊಂಡದ್ದನ್ನು ಅವರು ಚೊಕ್ಕವಾಗಿ ಹೇಳಿದರು.

ನನ್ನ ಮುಖ್ಯ ಆಕ್ಷೇಪ ಇರುವುದೂ ಇಲ್ಲಿಯೇ. ಈ ಸಮ್ಮೇಳನಕ್ಕೆ ಜಪಾನಿನಿಂದ ಗಾಂಟ್ಲೆಟ್ ತ್ಸುನೆ ಮತ್ತು ಹಯಾಶಿ ಉತಾಕೊ ಎಂಬ ಇಬ್ಬರು ಮಹಿಳೆಯರು, ಮದ್ಯಪಾನ ವಿರೋಧಿ ಕ್ರೈಸ್ತ ಮಹಿಳಾ ಸಂಘದ ಕಾರ್ಯಕರ್ತೆಯರು, ತಮ್ಮ ದೇಶದ ಹೆಂಗಸರ ಲಕ್ಷಕ್ಕೂ ಮಿಕ್ಕಿದ ಸಹಿಗಳನ್ನು ಹೊತ್ತು ತಂದಿದ್ದರು. ಒಂಬತ್ತು ವರ್ಷ ಹಿಂದೆ ಅದೇ ಸಂಘದ ಯಾಜಿಮಾ ಕಾಜಿಕೊ ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಪೆಸಿಫಿಕ್ ಸಾಗರ ದಾಟಿ ಸುಮಾರು 10 ಸಾವಿರ ಸಹಿಗಳನ್ನು ವಾಷಿಂಗ್ಟನ್ನಿಗೆ ಒಯ್ದಿದ್ದರು. ಜಪಾನಿನಲ್ಲಿ ಆಗ ಹೆಂಗಸರಿಗೆ ಮತದಾನದ ಹಕ್ಕೇ ಇರಲಿಲ್ಲ. ಮತ ಹಾಕಲಾಗದವರು ಸಹಿ ಹಾಕಿದ್ದರು, ಆ ಸಹಿಗಳು ಒಂದು ದಶಕದೊಳಗೆ ಹತ್ತು ಪಟ್ಟಿಗಿಂತ ಹೆಚ್ಚು ಬೆಳೆದಿದ್ದವು. ಮೇಷ್ಟ್ರು ಇವರನ್ನು 'ಇಬ್ಬರು ಜಪಾನಿ ಮಹಿಳೆಯರು' ಎಂದು ಒಂದೇ ವಾಕ್ಯದಲ್ಲಿ, ಹೆಸರು ಹೇಳದೆ ದಾಟಿಬಿಟ್ಟರು. ಟನ್ನುಗಳನ್ನು ಕೊನೆಯ ನೂರರವರೆಗೆ ನೆನಪಿಟ್ಟವರು ಹೆಸರುಗಳನ್ನು ಮರೆಯಬಾರದಿತ್ತು. ಆ ದಿನವೆಲ್ಲ ನಾವು ನೋಡಿದ ಅಡ್ಮಿರಲ್ಲುಗಳು ಕಂಚಿನಲ್ಲಿದ್ದರು, ಅವರ ಫಿರಂಗಿಗಳು ಉಕ್ಕಿನಲ್ಲಿದ್ದವು. ನಿಂತಿರುವ ವಸ್ತುಗಳನ್ನು ತೋರಿಸುತ್ತ ಸಾಗುವ ಯಾವ ನಡಿಗೆಯೂ ತಾನಾಗಿಯೇ ಅಡ್ಮಿರಲ್ಲುಗಳ ಕಡೆಗೆ ವಾಲುತ್ತದೆ. ಏನೂ ನಿಂತಿರದ ಜಾಗದಲ್ಲಿ ಜನರನ್ನು ನಿಲ್ಲಿಸಿ ಮಾತಿನಿಂದಲೇ ಕಾಣಿಸುವ ಶಕ್ತಿ ಮೇಷ್ಟ್ರಿಗಿದೆ, ಈ ಅರಮನೆಯ ಮುಚ್ಚಿದ ಬಾಗಿಲ ಮುಂದೆ ಅವರು ಸಮ್ಮೇಳನವನ್ನು ಕಾಣಿಸಿದ್ದೇ ಅದಕ್ಕೆ ಸಾಕ್ಷಿ. ಅದೇ ಶಕ್ತಿಯನ್ನು ಸಹಿಯ ಕಟ್ಟು ಹೊತ್ತು ಬಂದವರಿಗೂ ಬಳಸಬೇಕಿತ್ತು.

ಇಲ್ಲಿಂದ 9ನೇ ನಂಬರಿನ ಬಸ್ಸು. ಬಸ್ಸಿನ ದರ ಶುಲ್ಕದಲ್ಲಿ ಸೇರಿಲ್ಲ, ಮೊದಲೇ ತಿಳಿಸಿರುತ್ತಾರೆ. ಮಹಡಿಯ ಮೇಲೆ ಕೂರಲು ಹೇಳುತ್ತಾರೆ, ಏಕೆಂದರೆ ಹೈಡ್ ಪಾರ್ಕ್ ಕಾರ್ನರ್ ದಾಟುವಾಗ ರಾಯಲ್ ಆರ್ಟಿಲರಿ ಸ್ಮಾರಕದ ಬೃಹತ್ ಕಲ್ಲಿನ ಫಿರಂಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅದರ ಸಮೀಪವೇ ಗ್ರೋವ್ನರ್ ಕ್ರೆಸೆಂಟ್. ಅಲ್ಲಿಯ 15ನೇ ನಂಬರಿನ ಮನೆ, ರಾಷ್ಟ್ರಸಂಘವನ್ನು ಬೆಂಬಲಿಸುವ ಜನರ ಸಂಘಟನೆಯಾದ ಲೀಗ್ ಆಫ್ ನೇಷನ್ಸ್ ಯೂನಿಯನ್ನಿನ ಕಚೇರಿಯಾಗಿತ್ತು, 1931ರಲ್ಲಿ ಅದಕ್ಕೆ 4 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಇನ್ನೊಂದು ಬದಿಯ ಹೈಡ್ ಪಾರ್ಕಿಗೆ 1926ರ ಜೂನಿನಲ್ಲಿ ದೇಶದ ಮೂಲೆಮೂಲೆಗಳಿಂದ ವಾರಗಟ್ಟಲೆ ನಡೆದು ಬಂದ ಹೆಂಗಸರು ಸೇರಿ, ದೇಶಗಳ ಜಗಳಗಳು ಪಂಚಾಯತಿಗೆ ಹೋಗಲಿ, ನಿಶ್ಶಸ್ತ್ರೀಕರಣ ಸಮ್ಮೇಳನ ಕರೆಯಲಿ ಎಂದು ಕೇಳಿದ್ದರು. ಜಾತ್ರೆಗೆ ಹೋಗುವ ಪಾದಯಾತ್ರೆಗಳನ್ನು ಕಂಡ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಬಸ್ಸಿನ ಗದ್ದಲದಲ್ಲಿ ಹಿಂದೆ ಕೂತವರಿಗೆ ಏನೂ ಕೇಳಿಸಲಿಲ್ಲ. ಕಿವಿಗೆ ಹಾಕುವ ಪುಟ್ಟ ರಿಸೀವರುಗಳನ್ನು ಮೇಷ್ಟ್ರು ಇಟ್ಟುಕೊಂಡರೆ ಎರಡು ಪೌಂಡು ಹೆಚ್ಚು ಕೊಡಲು ಯಾರೂ ಬೇಸರಿಸುವುದಿಲ್ಲ.

ಕೊನೆಯ ನಿಲುಗಡೆ ರಾಯಲ್ ಆಲ್ಬರ್ಟ್ ಹಾಲಿನ ಮೆಟ್ಟಿಲುಗಳು. 1931ರ ಜುಲೈ 11ರಂದು ಇಲ್ಲಿ ಮೆಕ್‌ಡೊನಾಲ್ಡ್, ಬಾಲ್ಡ್‌ವಿನ್, ಲಾಯ್ಡ್ ಜಾರ್ಜ್ ಎಂಬ ಮೂರು ಪಕ್ಷಗಳ ನಾಯಕರು ನಿಶ್ಶಸ್ತ್ರೀಕರಣದ ಪರವಾಗಿ ಒಂದೇ ವೇದಿಕೆಯ ಮೇಲೆ ಮಾತಾಡಿದರು. ಅಧ್ಯಕ್ಷತೆ ವಹಿಸಿದವರು ಫೀಲ್ಡ್ ಮಾರ್ಷಲ್ ವಿಲಿಯಂ ರಾಬರ್ಟ್‌ಸನ್, ಮಹಾಯುದ್ಧದಲ್ಲಿ ಸೇನಾ ಮುಖ್ಯಸ್ಥರಾಗಿದ್ದವರು. ನಾಲ್ಕು ವರ್ಷಗಳ ನಂತರ, 1935ರ ಜೂನ್ 27ರಂದು, ಯುದ್ಧ ಮತ್ತು ಶಸ್ತ್ರಾಸ್ತ್ರಗಳ ಬಗ್ಗೆ ಜನರ ಅಭಿಪ್ರಾಯ ಕೇಳಿದ 'ಶಾಂತಿ ಮತದಾನ'ದ ಫಲಿತಾಂಶವನ್ನು ಲಾರ್ಡ್ ಸೆಸಿಲ್ ಪ್ರಕಟಿಸಿದ್ದೂ ಇಲ್ಲಿಯೇ. ಸುಮಾರು 5 ಲಕ್ಷ ಸ್ವಯಂಸೇವಕರು ಮನೆಮನೆಗೆ ಹೋಗಿ, ಸರ್ಕಾರದ ನೆರವಿಲ್ಲದೆ, 1 ಕೋಟಿ 15 ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಸಂಗ್ರಹಿಸಿದ್ದರು. ಪರಸ್ಪರ ಒಪ್ಪಂದದಿಂದ ಶಸ್ತ್ರಾಸ್ತ್ರ ಕಡಿಮೆ ಮಾಡಬೇಕೆಂದವರೇ 1 ಕೋಟಿಗೂ ಹೆಚ್ಚು. ಅದಕ್ಕೆ ಸರಿಯಾಗಿ ಒಂಬತ್ತು ದಿನ ಮೊದಲು, ಜರ್ಮನಿ ತನ್ನ ನೌಕಾಪಡೆಯನ್ನು ಬ್ರಿಟನ್ನಿನ ನೂರಕ್ಕೆ 35ರಷ್ಟು ಬೆಳೆಸಿಕೊಳ್ಳಬಹುದೆಂದು ಬ್ರಿಟಿಷ್ ಸರ್ಕಾರ ಹಿಟ್ಲರನೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಈ ಎರಡು ದಿನಾಂಕಗಳನ್ನು ಮೇಷ್ಟ್ರು ಪಕ್ಕಪಕ್ಕದಲ್ಲಿಟ್ಟು ಹೇಳಿದಾಗ ಅತ್ತೆಯವರು, "ನಾನು ಇಷ್ಟು ವರ್ಷ ಕಲಿಸಿದ ಉತ್ತರದಲ್ಲಿ ಈ ಕೋಟಿ ಜನ ಎಲ್ಲೂ ಇರಲಿಲ್ಲ, ನೋಡಿ" ಎಂದು ನನಗೆ ಮೆಲ್ಲಗೆ ಹೇಳಿದರು.

ಹೋಗುವವರಿಗೆ ಕೆಲವು ಮಾತು. ನಡೆಯುವ ದೂರ ಸುಮಾರು ನಾಲ್ಕು ಕಿಲೊಮೀಟರು, ಏರಿಲ್ಲ, ವಯಸ್ಸಾದವರಿಗೂ ಸಾಧ್ಯ. ಆದರೆ ನಿಲ್ಲುವ ಹೊತ್ತು ಹೆಚ್ಚು, ಮಡಚುವ ಸ್ಟೂಲು ಒಯ್ದರೆ ಒಳ್ಳೆಯದು. ಮಧ್ಯೆ ಶೌಚಾಲಯಕ್ಕೆಂದು ನಿಗದಿಯಾದ ಬಿಡುವಿಲ್ಲ, ಆರಂಭದಲ್ಲಿ ಮ್ಯೂಸಿಯಮ್ಮಿನಲ್ಲೇ ಮುಗಿಸಿಕೊಳ್ಳಬೇಕು. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ. ಹನ್ನೆರಡರ ಕೆಳಗಿನ ಮಕ್ಕಳಿಗೆ ಫಿರಂಗಿಯ ನಂತರದ ಭಾಗ ಹಿಡಿಸಲಾರದು. ಕೊಟ್ಟ ಮುದ್ರಿತ ಹಾಳೆಯ ಚಿತ್ರಗಳು ಮಸುಕಾಗಿದ್ದವು. ಇಷ್ಟಿದ್ದರೂ 18 ಪೌಂಡು ದುಬಾರಿಯೆಂದು ನನಗನ್ನಿಸಲಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಗಾಂಟ್ಲೆಟ್ ಮತ್ತು ಹಯಾಶಿ ಅವರ ಹೆಸರು ಹೇಳಿದ ದಿನ ಸೇರಿಸುತ್ತೇನೆ.

ಮೆಟ್ಟಿಲ ಮೇಲೆ ಮೇಷ್ಟ್ರು ಎಲ್ಲರಿಗೂ ಒಂದೊಂದು ಪೆನ್ಸಿಲು, 1935ರ ಮತಚೀಟಿಯ ಒಂದೊಂದು ನಕಲು ಹಂಚಿದರು. ಐದು ಪ್ರಶ್ನೆಗಳು. ಅತ್ತೆಯವರು ಮೊದಲ ನಾಲ್ಕಕ್ಕೆ ಚಕಚಕನೆ ಹೌದು ಎಂದು ಗುರುತು ಹಾಕಿದರು. ಒಂದು ದೇಶ ಇನ್ನೊಂದರ ಮೇಲೆ ಏರಿ ಹೋದರೆ ಉಳಿದವರು ಸೇರಿ ಆರ್ಥಿಕ ಕ್ರಮಗಳಿಂದ ತಡೆಯಬೇಕೇ ಎಂಬ ಐದನೆಯದರ ಮೊದಲ ಭಾಗಕ್ಕೂ ಹೌದು. ಅಗತ್ಯ ಬಿದ್ದರೆ ಸೈನಿಕ ಕ್ರಮದಿಂದಲೂ ತಡೆಯಬೇಕೇ ಎಂಬ ಎರಡನೆಯ ಭಾಗಕ್ಕೆ ಬಂದಾಗ ಪೆನ್ಸಿಲು ನಿಂತಿತು. ಆಗ 67 ಲಕ್ಷಕ್ಕೂ ಹೆಚ್ಚು ಜನ ಹೌದೆಂದಿದ್ದರು, 23 ಲಕ್ಷಕ್ಕೂ ಹೆಚ್ಚು ಜನ ಅಲ್ಲವೆಂದಿದ್ದರು, ಹೆಚ್ಚುಕಡಿಮೆ ಅಷ್ಟೇ ಜನ ಏನನ್ನೂ ಬರೆಯದೆ ಬಿಟ್ಟಿದ್ದರು ಎಂದು ಮೇಷ್ಟ್ರು ಹೇಳಿದರು. ಚೀಟಿಗಳನ್ನು ಅವರು ವಾಪಸು ಕೇಳಲಿಲ್ಲ. ಅತ್ತೆಯವರು ತಮ್ಮದನ್ನು ಎರಡಾಗಿ ಮಡಚಿ ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟುಕೊಂಡರು. ಆ ಒಂದು ಚೌಕ ಈಗಲೂ ಖಾಲಿಯಾಗಿದೆ.